ವೇಟ್ಸ್ ಮತ್ತು ಕಾರ್ಡಿಯೋ ಬೆರೆತ ವ್ಯಾಯಾಮದ ಕ್ಯಾಲೊರಿ ಲೆಕ್ಕ: ಅಂದಾಜಿಸುವುದು, ಬರೆದಿಡುವುದು, ತಿದ್ದುವುದು

ಒಂದೇ ದಿನದ ಒಂದೇ ವ್ಯಾಯಾಮಕ್ಕೆ ಕೈಯಲ್ಲಿರುವ ವಾಚ್ 610 ಕ್ಯಾಲೊರಿ ಅನ್ನುತ್ತದೆ, ಫೋನಿನ ಆ್ಯಪ್ 765 ಅನ್ನುತ್ತದೆ. ಟ್ರೆಡ್‌ಮಿಲ್ ತನ್ನ ಪಾಲಿನ 15 ನಿಮಿಷಕ್ಕೇ 190 ತೋರಿಸಿ ಕೂತಿರುತ್ತದೆ. ಇವುಗಳಲ್ಲಿ ಯಾವುದನ್ನು ಬರೆದುಕೊಂಡರೂ ತಿಂಗಳ ಕೊನೆಗೆ ತೂಕದ ಯಂತ್ರ ಒಪ್ಪುವುದಿಲ್ಲ. ತಪ್ಪು ಆಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಭಾರ ಎತ್ತಿದ ಸಮಯ, ಓಡಿದ ಸಮಯ, ಸುಮ್ಮನೆ ಬೆಂಚಿನ ಮೇಲೆ ಕೂತ ಸಮಯ, ಮೂರನ್ನೂ ಒಂದೇ ಹೆಸರಿನಡಿ ಹಾಕಿ ಒಂದೇ ಅಂಕಿಯಿಂದ ಗುಣಿಸುತ್ತೇವೆ. ಅಕ್ಕಿ, ಬೇಳೆ, ತುಪ್ಪ ಒಟ್ಟಿಗೆ ತೂಗಿ ಎಲ್ಲಕ್ಕೂ ತುಪ್ಪದ ದರ ಹಾಕಿದ ಹಾಗೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲು ತುಂಡು ಮಾಡುವುದು, ಆಮೇಲೆ ಗುಣಿಸುವುದು, ಆಮೇಲೆ ಕಳೆಯುವುದು, ಕೊನೆಗೆ ನಾಲ್ಕು ವಾರದ ತೂಕ ನೋಡಿ ತಿದ್ದುವುದು. ಎರಡನೆಯ ಹಂತ ಬಿಟ್ಟು ಮೂರನೆಯದಕ್ಕೆ ಹಾರಿದರೆ ಉಳಿದದ್ದೆಲ್ಲ ವ್ಯರ್ಥ. ಇಲ್ಲಿ ಕ್ಯಾಲೊರಿ ಅಂದರೆ ಆಹಾರದ ಪೊಟ್ಟಣದ ಮೇಲೆ ಬರೆಯುವ ಕಿಲೋಕ್ಯಾಲೊರಿಯೇ.

## ಬೇಕಾದ ಸಾಮಾನು

ಲ್ಯಾಪ್ (ಗಡಿಯಾರ ನಿಲ್ಲಿಸದೆ ಒಂದೊಂದು ಭಾಗದ ಸಮಯ ಬೇರೆ ಹಿಡಿಯುವ ಗುಂಡಿ) ಒತ್ತಲು ಬರುವ ಸ್ಟಾಪ್‌ವಾಚ್ (ಫೋನಿನದೇ ಸಾಕು), ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ, 100 ಗ್ರಾಂ ವ್ಯತ್ಯಾಸ ತೋರಿಸುವ ತೂಕದ ಯಂತ್ರ. ಏಳನೆಯ ಹಂತಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಬೇಕಾಗುತ್ತದೆ. ಹೃದಯ ಬಡಿತ ಅಳೆಯುವ ಎದೆಪಟ್ಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಸ್ಮಾರ್ಟ್‌ವಾಚ್ ಬೇಕೇ ಬೇಕೆಂದೇನಿಲ್ಲ. ಈಗಾಗಲೇ ಇದ್ದರೆ ಅದನ್ನು ಯಾವುದಕ್ಕೆ ನಂಬಬೇಕು, ಯಾವುದಕ್ಕೆ ನಂಬಬಾರದು ಎಂಬುದು ಐದನೆಯ ಹಂತದಲ್ಲಿದೆ.

## ಹಂತ 1: ತೂಕ ಸರಿಯಾಗಿ ಹಿಡಿಯಿರಿ

ಮುಂದಿನ ಪ್ರತಿ ಗುಣಾಕಾರದಲ್ಲೂ ನಿಮ್ಮ ತೂಕ ಇರುತ್ತದೆ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ನೀರು ಕಾಫಿ ಏನೂ ಕುಡಿಯುವ ಮೊದಲು ತೂಗಿ. ಏಳು ದಿನದ ಸರಾಸರಿಯೇ ನಿಮ್ಮ ತೂಕ, ಒಂದು ದಿನದ ಅಂಕಿ ಅಲ್ಲ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾಗಿದ್ದರೆ ಮರುದಿನ ನೀರಿನ ತೂಕವೇ ಒಂದು ಕಿಲೋ ಏರಿರಬಹುದು.

ಆ್ಯಪ್‌ನಲ್ಲಿ, ಟ್ರೆಡ್‌ಮಿಲ್‌ನಲ್ಲಿ, ವಾಚ್‌ನಲ್ಲಿ ಮೂರು ಬೇರೆ ಬೇರೆ ತೂಕ ಇರುವುದು ಸಾಮಾನ್ಯ. ಎರಡು ವರ್ಷದ ಹಿಂದೆ ತುಂಬಿದ 78 ಕೆ.ಜಿ. ಅಲ್ಲೇ ಉಳಿದಿರುತ್ತದೆ. ಇಂದೇ ಎಲ್ಲ ಕಡೆ ಒಂದೇ ಅಂಕಿ ಹಾಕಿ. ಆಮೇಲೆ ಮೂರು ಕೆ.ಜಿ. ಬದಲಾದಾಗ ಮಾತ್ರ ಮತ್ತೆ ಬದಲಿಸಿದರೆ ಸಾಕು.

## ಹಂತ 2: ವ್ಯಾಯಾಮವನ್ನು ತುಂಡು ಮಾಡಿ, ಸಮಯ ಹಿಡಿಯಿರಿ

ಬಾಗಿಲು ದಾಟಿದ ಕೂಡಲೇ ವಾಚ್ ಒತ್ತಿ, ಹೊರಬರುವಾಗ ನಿಲ್ಲಿಸುವ ಅಭ್ಯಾಸ ಬಿಡಿ. ಕೆಲಸದ ಬಗೆ ಬದಲಾದಾಗಲೆಲ್ಲ ಲ್ಯಾಪ್ ಒತ್ತಿ: ಬಿಸಿಯಾಗಲು ನಡಿಗೆ, ವೇಟ್ಸ್, ಸರ್ಕ್ಯೂಟ್ (ಹಲವು ವ್ಯಾಯಾಮ ಒಂದರ ಹಿಂದೊಂದು, ಹೆಚ್ಚು ಬಿಡುವಿಲ್ಲದೆ), ಓಟ, ಸ್ಟ್ರೆಚಿಂಗ್. ಸಾಮಾನ್ಯವಾಗಿ ನಾಲ್ಕೈದು ತುಂಡಾಗುತ್ತದೆ. ಅದಕ್ಕಿಂತ ಚಿಕ್ಕದಾಗಿ ಕತ್ತರಿಸುವುದರಲ್ಲಿ ಲಾಭವಿಲ್ಲ. ಪ್ರತಿ ಸೆಟ್‌ಗೂ (ನಡುವೆ ನಿಲ್ಲದೆ ಒಂದೇ ಸಮನೆ ಎತ್ತುವ ಒಂದು ಸುತ್ತು) ಲ್ಯಾಪ್ ಒತ್ತಲು ಹೋದವರು ವಾರದೊಳಗೆ ಬರೆಯುವುದನ್ನೇ ಬಿಡುತ್ತಾರೆ.

ವೇಟ್ಸ್ ತುಂಡಿನಲ್ಲಿ ಎರಡು ಬಗೆಯ ವಿರಾಮವಿದೆ. ಸೆಟ್‌ಗಳ ನಡುವಿನ ಒಂದರಿಂದ ಎರಡು ನಿಮಿಷದ ವಿಶ್ರಾಂತಿ ವ್ಯಾಯಾಮದ ಭಾಗವೇ. ಮುಂದೆ ಬಳಸುವ ಅಂಕಿಗಳು ಅದನ್ನು ಒಳಗೊಂಡ ಸರಾಸರಿ ಎಂದೇ ಹಿಡಿಯಿರಿ, ಕಳೆಯಬೇಡಿ. ಆದರೆ ರ್‍ಯಾಕ್ ಖಾಲಿಯಾಗಲೆಂದು ಕಾದದ್ದು, ಫೋನ್ ಕರೆ, ಗೆಳೆಯರ ಜೊತೆ ಹರಟೆ, ಮೂರು ನಿಮಿಷ ಮೀರಿದ ಪ್ರತಿಯೊಂದು ನಿಲುಗಡೆ ಲೆಕ್ಕದಿಂದ ಹೊರಗೆ. ಸಂಜೆ ಏಳರ ಹೊತ್ತಿಗೆ ಗಿಜಿಗುಡುವ ಜಿಮ್‌ನಲ್ಲಿ ಇದು ಸುಲಭವಾಗಿ ಹತ್ತು ನಿಮಿಷ ನುಂಗುತ್ತದೆ.

ಜೊತೆಗೆ ಸೆಟ್‌ಗಳ ಸಂಖ್ಯೆ ಬರೆದುಕೊಳ್ಳಿ. ಒಂದು ಸೆಟ್‌ಗೆ ಸುಮಾರು 40 ಸೆಕೆಂಡ್ ಹಿಡಿದರೆ 15 ಸೆಟ್‌ಗೆ 10 ನಿಮಿಷ. 34 ನಿಮಿಷದ ತುಂಡಿನಲ್ಲಿ ನಿಜಕ್ಕೂ ಭಾರ ಕೈಯಲ್ಲಿದ್ದದ್ದು 10 ನಿಮಿಷ, ಅಂದರೆ ಶೇ. 29. ಈ ಪ್ರಮಾಣ ಮುಂದಿನ ಹಂತದಲ್ಲಿ ಬೇಕು.

ಸ್ಕಿಪಿಂಗ್ ಮಾತ್ರ ಇದಕ್ಕೆ ವಿರುದ್ಧ. ಅದರ ಅಂಕಿ ನಿಲ್ಲದೆ ಹಾರಿದ್ದಕ್ಕೆ ಇರುವುದು. ಹನ್ನೆರಡು ನಿಮಿಷದಲ್ಲಿ ಅರ್ಧ ಹೊತ್ತು ಏದುಸಿರು ಬಿಡುತ್ತ ನಿಂತಿದ್ದರೆ ಆರು ನಿಮಿಷವೆಂದೇ ಬರೆಯಿರಿ. 70 ಕೆ.ಜಿ. ತೂಕದವರಿಗೆ ಇದೊಂದರಲ್ಲೇ 75 ಕ್ಯಾಲೊರಿ ವ್ಯತ್ಯಾಸ ಬರುತ್ತದೆ.

## ಹಂತ 3: ಪ್ರತಿ ತುಂಡಿಗೂ ಅದರದೇ ಮೆಟ್ ಅಂಕಿ

ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿ ಒಂದು ಮೆಟ್. ಕೆ.ಜಿ. ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ. ಐದು ಮೆಟ್ ಅಂದರೆ ಅದರ ಐದು ಪಟ್ಟು. ಬೇರೆ ಬೇರೆ ಚಟುವಟಿಕೆಗಳ ಮೆಟ್ ಅಂಕಿಗಳು ಕಾಂಪೆಂಡಿಯಂ ಆಫ್ ಫಿಸಿಕಲ್ ಆಕ್ಟಿವಿಟೀಸ್ ಎಂಬ ಪಟ್ಟಿಯಲ್ಲಿವೆ. ಇಲ್ಲಿ ಕೊಟ್ಟಿರುವುದು ಅದರ 2011ರ ಪರಿಷ್ಕರಣೆಯವು. 2024ರಲ್ಲಿ ಇನ್ನೊಂದು ಬಂದಿದೆ. ಯಾವುದನ್ನಾದರೂ ಹಿಡಿಯಿರಿ, ಆದರೆ ತಿಂಗಳ ನಡುವೆ ಬದಲಿಸಬೇಡಿ.

| ಚಟುವಟಿಕೆ | ಮೆಟ್ |
|---|---|
| ನಡಿಗೆ, ಗಂಟೆಗೆ 5 ಕಿ.ಮೀ., ಸಮತಟ್ಟು | 3.5 |
| ನಡಿಗೆ, ಗಂಟೆಗೆ 5.6 ಕಿ.ಮೀ. | 4.3 |
| ನಡಿಗೆ, ಗಂಟೆಗೆ 6.4 ಕಿ.ಮೀ. | 5.0 |
| ಓಟ, ಗಂಟೆಗೆ 8 ಕಿ.ಮೀ. | 8.3 |
| ಓಟ, ಗಂಟೆಗೆ 9.7 ಕಿ.ಮೀ. | 9.8 |
| ಎಲಿಪ್ಟಿಕಲ್, ಮಧ್ಯಮ | 5.0 |
| ನಿಂತ ಸೈಕಲ್, 90–100 ವಾಟ್ | 6.8 |
| ರೋಯಿಂಗ್ ಯಂತ್ರ, 100 ವಾಟ್ | 7.0 |
| ಸ್ಕಿಪಿಂಗ್, ನಿಮಿಷಕ್ಕೆ 100–120 | 11.8 |
| ಸೂರ್ಯ ನಮಸ್ಕಾರ | 3.3 |
| ಸ್ಟ್ರೆಚಿಂಗ್ | 2.3 |
| ವೇಟ್ಸ್, ಹಲವು ವ್ಯಾಯಾಮ, 8–15 ರೆಪ್ಸ್ (ಒಂದು ಸುತ್ತಿನಲ್ಲಿ ಎಷ್ಟು ಸಲ ಎತ್ತಿದ್ದು) | 3.5 |
| ಸ್ಕ್ವಾಟ್ | 5.0 |
| ವೇಟ್ಸ್, ಕಠಿಣ | 6.0 |
| ಕೆಟಲ್‌ಬೆಲ್ (ಹಿಡಿಕೆಯಿರುವ ಭಾರದ ಗುಂಡು) ಸೇರಿದ ಸರ್ಕ್ಯೂಟ್, ಅತಿ ಕಡಿಮೆ ವಿಶ್ರಾಂತಿ | 8.0 |

ಎಲ್ಲರೂ ಎಡವುವುದು ವೇಟ್ಸ್ ಸಾಲುಗಳಲ್ಲಿ. ಬೆವರು ಸುರಿದಿದೆ, ಮರುದಿನ ಮೆಟ್ಟಿಲು ಇಳಿಯಲಾಗುತ್ತಿಲ್ಲ, ಹಾಗಾಗಿ ‘ಕಠಿಣ’ ಎಂದು ಕೈ ತಾನಾಗಿಯೇ 6.0ಕ್ಕೆ ಹೋಗುತ್ತದೆ. ನೋವಿಗೂ ಕ್ಯಾಲೊರಿಗೂ ನೇರ ಸಂಬಂಧವಿಲ್ಲ. ಭಾರ ಎಷ್ಟಿತ್ತು ಎನ್ನುವುದಕ್ಕಿಂತ ಗಂಟೆಯಲ್ಲಿ ಎಷ್ಟು ಹೊತ್ತು ದೇಹ ದುಡಿಯಿತು ಎನ್ನುವುದೇ ಮುಖ್ಯ. ಎರಡನೆಯ ಹಂತದಲ್ಲಿ ಬರೆದುಕೊಂಡ ಪ್ರಮಾಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಇದು ಒರಟು ಅಳತೆ, ಆದರೆ ಮನಸ್ಸಿಗೆ ತೋಚಿದ್ದಕ್ಕಿಂತ ವಾಸಿ:

- ದುಡಿದ ಸಮಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ 3.5. ಹೆಚ್ಚಿನವರ ವೇಟ್ಸ್ ದಿನ ಇಲ್ಲೇ ಬರುತ್ತದೆ, ಒಪ್ಪಿಕೊಳ್ಳಲು ಮನಸ್ಸಾಗದಿದ್ದರೂ.
- ಮೂರನೇ ಒಂದರಿಂದ ಅರ್ಧದವರೆಗೆ, ಅದರಲ್ಲೂ ಸ್ಕ್ವಾಟ್, ಡೆಡ್‌ಲಿಫ್ಟ್‌ನಂಥ ದೊಡ್ಡ ಸ್ನಾಯುಗಳ ಕೆಲಸವಿದ್ದರೆ 5.0.
- ಅರ್ಧಕ್ಕಿಂತ ಹೆಚ್ಚು, ನಡುವೆ ಬಿಡುವಿಲ್ಲದೆ ಎರಡು ವ್ಯಾಯಾಮ ಜೋಡಿಸುವ ಸೂಪರ್‌ಸೆಟ್ ಮೇಲೆ ಸೂಪರ್‌ಸೆಟ್ ಆದರೆ 6.0. ವಿಶ್ರಾಂತಿ ಇಲ್ಲವೇ ಇಲ್ಲ ಎನ್ನುವಂತಿದ್ದರೆ ಸರ್ಕ್ಯೂಟ್‌ನ 8.0.

ಭೌತಶಾಸ್ತ್ರದ ಸೂತ್ರದಿಂದ ಲೆಕ್ಕ ಹಾಕುತ್ತೇನೆ ಎಂದು ಹೊರಡುವವರೂ ಇದ್ದಾರೆ. 60 ಕೆ.ಜಿ. ಬಾರ್ ಅರ್ಧ ಮೀಟರ್ ಮೇಲಕ್ಕೆ, ಹತ್ತು ಸಲ: 2,943 ಜೂಲ್, ಅಂದರೆ 0.7 ಕ್ಯಾಲೊರಿ. ಉತ್ತರ ನೋಡಿ ಗಾಬರಿಯಾಗಬೇಡಿ. ಸ್ನಾಯು ಖರ್ಚು ಮಾಡಿದ ಶಕ್ತಿಯಲ್ಲಿ ನಾಲ್ಕನೇ ಮೂರು ಭಾಗಕ್ಕೂ ಹೆಚ್ಚು ಶಾಖವಾಗಿ ಹೋಗುತ್ತದೆ. ನಿಮ್ಮ ದೇಹವನ್ನೇ ಎತ್ತಿದ್ದು, ಬಾರ್ ನಿಧಾನ ಇಳಿಸಿದ್ದು, ಅಲುಗದಂತೆ ಹಿಡಿದದ್ದು ಈ ಸೂತ್ರದಲ್ಲಿ ಬರುವುದೇ ಇಲ್ಲ. ಎತ್ತಿದ ಒಟ್ಟು ಕಿಲೋಗಳಿಂದ ಕ್ಯಾಲೊರಿ ತೆಗೆಯುವ ದಾರಿ ಮುಚ್ಚಿದೆ ಎಂದುಕೊಳ್ಳಿ.

### ಟ್ರೆಡ್‌ಮಿಲ್ ಏರು ಹಾಕಿದ್ದರೆ

ಪಟ್ಟಿಯ ನಡಿಗೆ ಅಂಕಿ ಸಮತಟ್ಟಿಗೆ ಮಾತ್ರ. ಏರು ಇದ್ದಾಗ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಸೂತ್ರ ಬಳಸಿ. ವೇಗವನ್ನು ನಿಮಿಷಕ್ಕೆ ಮೀಟರ್ ಮಾಡಿಕೊಳ್ಳಿ (ಗಂಟೆಗೆ 5 ಕಿ.ಮೀ. ಅಂದರೆ 83.3). ಆಮೇಲೆ:

ದೇಹ ಬಳಸುವ ಆಮ್ಲಜನಕ = 0.1 × ವೇಗ + 1.8 × ವೇಗ × ಏರು + 3.5

ಶೇ. 10 ಏರನ್ನು 0.10 ಎಂದು ಬರೆಯಬೇಕು. ಬಂದ ಉತ್ತರವನ್ನು 3.5ರಿಂದ ಭಾಗಿಸಿದರೆ ಮೆಟ್. ಗಂಟೆಗೆ 5 ಕಿ.ಮೀ. ವೇಗದಲ್ಲಿ ಸಮತಟ್ಟಾದರೆ 3.4, ಶೇ. 10 ಏರಾದರೆ 7.7. ಖರ್ಚು ಎರಡು ಪಟ್ಟಿಗೂ ಮೀರಿತು. ಓಟಕ್ಕೆ ಇದೇ ಸೂತ್ರದಲ್ಲಿ 0.1ರ ಜಾಗದಲ್ಲಿ 0.2, 1.8ರ ಜಾಗದಲ್ಲಿ 0.9.

ಆದರೆ ಕೈಹಿಡಿಕೆಯನ್ನು ಬಿಗಿಯಾಗಿ ಹಿಡಿದು ಹಿಂದಕ್ಕೆ ಜೋತು ಬಿದ್ದರೆ ಈ ಲೆಕ್ಕ ಬಿದ್ದುಹೋಗುತ್ತದೆ. ಮೈಭಾರದ ಒಂದಷ್ಟು ಪಾಲನ್ನು ಕೈ ಹೊರುತ್ತಿರುತ್ತದೆ, ಬೆನ್ನು ಬೆಲ್ಟಿಗೆ ಲಂಬವಾಗಿ ವಾಲಿರುತ್ತದೆ, ಏರಿನ ಪ್ರಯೋಜನ ಅಲ್ಲಿಗೆ ಮುಗಿಯಿತು. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ಅದು ಪೂರ್ತಿ ಏರಿನ ಕ್ಯಾಲೊರಿಯನ್ನೇ ತೋರಿಸುತ್ತದೆ. ಹಿಡಿಯದೆ ನಡೆಯಲಾಗುವಷ್ಟಕ್ಕೆ ಏರು ಇಳಿಸಿ, ಆ ಅಂಕಿಯನ್ನು ಬರೆಯಿರಿ.

## ಹಂತ 4: ನಿವ್ವಳ ಖರ್ಚನ್ನೇ ಬರೆಯಿರಿ

ವ್ಯಾಯಾಮ ಮಾಡದೆ ಮನೆಯಲ್ಲಿ ಕೂತಿದ್ದರೂ ಆ ಒಂದು ಗಂಟೆಯಲ್ಲಿ 70 ಕೆ.ಜಿ.ಯ ದೇಹ ಸುಮಾರು 70 ಕ್ಯಾಲೊರಿ ಖರ್ಚು ಮಾಡುತ್ತಿತ್ತು. ಅದು ನಿಮ್ಮ ದಿನದ ಮೂಲ ಲೆಕ್ಕದಲ್ಲಿ ಈಗಾಗಲೇ ಇದೆ. ವ್ಯಾಯಾಮದ ಹೆಸರಿನಲ್ಲಿ ಮತ್ತೊಮ್ಮೆ ಸೇರಿಸಿದರೆ ಎರಡು ಸಲ ಎಣಿಸಿದಂತೆ. ಹಾಗಾಗಿ ಮೆಟ್‌ನಿಂದ ಒಂದನ್ನು ಕಳೆದು ಗುಣಿಸಿ:

ನಿವ್ವಳ ಕ್ಯಾಲೊರಿ = (ಮೆಟ್ − 1) × ತೂಕ × ನಿಮಿಷ ÷ 60

70 ಕೆ.ಜಿ. ತೂಕದವರ ಒಂದು ದಿನ ನೋಡೋಣ. ಜಿಮ್‌ನಲ್ಲಿದ್ದದ್ದು 82 ನಿಮಿಷ. ವೇಟ್ಸ್‌ಗೆ ಹಿಡಿದ 42 ನಿಮಿಷದಲ್ಲಿ 8 ನಿಮಿಷ ರ್‍ಯಾಕ್‌ಗಾಗಿ ಕಾದದ್ದು, ಫೋನು. ಉಳಿದದ್ದು 34.

| ತುಂಡು | ನಿಮಿಷ | ಮೆಟ್ | ನಿವ್ವಳ |
|---|---|---|---|
| ನಡಿಗೆ, ಗಂಟೆಗೆ 5.6 ಕಿ.ಮೀ. | 8 | 4.3 | 31 |
| ವೇಟ್ಸ್, 15 ಸೆಟ್ | 34 | 3.5 | 99 |
| ಕೆಟಲ್‌ಬೆಲ್ ಸರ್ಕ್ಯೂಟ್ | 12 | 8.0 | 98 |
| ಓಟ, ಗಂಟೆಗೆ 8 ಕಿ.ಮೀ. | 15 | 8.3 | 128 |
| ಸ್ಟ್ರೆಚಿಂಗ್ | 5 | 2.3 | 8 |
| ಒಟ್ಟು | 74 | | 364 |

ಇದೇ ವ್ಯಕ್ತಿ ಆ್ಯಪ್‌ನಲ್ಲಿ ‘ಸರ್ಕ್ಯೂಟ್ ಟ್ರೈನಿಂಗ್, 82 ನಿಮಿಷ’ ಎಂದು ಒಂದೇ ಸಾಲು ತುಂಬಿದ್ದರೆ 8 × 70 × 82 ÷ 60, ಅಂದರೆ 765 ಬರುತ್ತಿತ್ತು. ಎರಡು ಪಟ್ಟಿಗೂ ಹೆಚ್ಚು. ದಿನಕ್ಕೆ 400 ಕ್ಯಾಲೊರಿಯ ಈ ಗಾಳಿಲೆಕ್ಕವನ್ನು ನಂಬಿ ಊಟ ಮಾಡಿದವರ ತೂಕ ಇಳಿಯದೇ ಇರುವುದರಲ್ಲಿ ಆಶ್ಚರ್ಯವೇನಿಲ್ಲ. 400 ಕ್ಯಾಲೊರಿ ಅಂದರೆ ಸುಮಾರು 125 ಗ್ರಾಂ ರಾಗಿ ಹಿಟ್ಟು.

12 ನಿಮಿಷದ ಸರ್ಕ್ಯೂಟ್ 34 ನಿಮಿಷದ ವೇಟ್ಸ್‌ಗೆ ಸಮನಾಗಿದೆ ಎಂದು ವೇಟ್ಸ್ ಬಿಟ್ಟುಬಿಡುವ ಯೋಚನೆ ಬೇಡ. ವೇಟ್ಸ್ ಮಾಡುವುದು ಸ್ನಾಯು ಉಳಿಸಲು, ಬಲ ಬೆಳೆಸಲು. ಕ್ಯಾಲೊರಿ ಅದರ ಮುಖ್ಯ ಕೆಲಸವಲ್ಲ.

ವ್ಯಾಯಾಮದ ನಂತರವೂ ದೇಹ ಗಂಟೆಗಟ್ಟಲೆ ಕ್ಯಾಲೊರಿ ಸುಡುತ್ತದೆ ಎಂಬ ಮಾತು ಸುಳ್ಳಲ್ಲ, ಉಬ್ಬಿಸಿದ್ದು. ಆ ಹೆಚ್ಚುವರಿ ಖರ್ಚು ಸಾಮಾನ್ಯವಾಗಿ ವ್ಯಾಯಾಮದ ನಿವ್ವಳದ ಶೇ. 6ರಿಂದ 15. ಮೇಲಿನ ಉದಾಹರಣೆಯಲ್ಲಿ 22ರಿಂದ 55 ಕ್ಯಾಲೊರಿ. ನಮ್ಮ ಅಂದಾಜಿನ ತಪ್ಪೇ ಅದಕ್ಕಿಂತ ದೊಡ್ಡದಿರುವಾಗ ಇದನ್ನು ಪ್ರತ್ಯೇಕ ಸಾಲಾಗಿ ಸೇರಿಸಬೇಡಿ.

## ಹಂತ 5: ವಾಚ್ ಮತ್ತು ಯಂತ್ರಗಳನ್ನು ಎಲ್ಲಿ ನಂಬಬೇಕು

ವಾಚ್‌ನ ಹೃದಯ ಬಡಿತ ಬೇರೆ, ಅದರಿಂದ ಅದು ಹೊಸೆಯುವ ಕ್ಯಾಲೊರಿ ಬೇರೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಏಳು ಬಗೆಯ ಕೈಪಟ್ಟಿಗಳನ್ನು 60 ಜನರ ಮೇಲೆ ಪರೀಕ್ಷಿಸಿತು. ಏಳರಲ್ಲಿ ಆರು ಹೃದಯ ಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇ. 27 ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇ. 93.

ವೇಟ್ಸ್ ಮಾಡುವಾಗ ತೊಂದರೆ ಇನ್ನೂ ಆಳದ್ದು. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ರಕ್ತದೊತ್ತಡ, ಬಡಿತ ಎರಡೂ ಏರುತ್ತವೆ, ಆದರೆ ಆಮ್ಲಜನಕದ ಬಳಕೆ ಆ ಪ್ರಮಾಣದಲ್ಲಿ ಏರುವುದಿಲ್ಲ. ಸೆಟ್ ಮುಗಿದು ಬೆಂಚಿನ ಮೇಲೆ ಕೂತ ಮೇಲೂ ಬಡಿತ ಇಳಿಯಲು ಹೊತ್ತು ಬೇಕು. ಬಡಿತದಿಂದ ಕ್ಯಾಲೊರಿ ತೆಗೆಯಲು ಬಳಕೆಯಲ್ಲಿರುವ 2005ರ ಒಂದು ಸೂತ್ರ, ಗಂಡಸರಿಗೆ, ಹೀಗಿದೆ:

ನಿಮಿಷಕ್ಕೆ ಕ್ಯಾಲೊರಿ = (0.6309 × ಬಡಿತ + 0.1988 × ತೂಕ + 0.2017 × ವಯಸ್ಸು − 55.0969) ÷ 4.184

ಹೆಂಗಸರಿಗೆ: (0.4472 × ಬಡಿತ − 0.1263 × ತೂಕ + 0.074 × ವಯಸ್ಸು − 20.4022) ÷ 4.184

34 ವಯಸ್ಸಿನ, 70 ಕೆ.ಜಿ.ಯ ಗಂಡಸಿನ ಬಡಿತ ಸೆಟ್‌ಗಳ ನಡುವೆ 115 ಇದ್ದರೆ ಈ ಸೂತ್ರ ನಿಮಿಷಕ್ಕೆ 9.1 ಕ್ಯಾಲೊರಿ ಅನ್ನುತ್ತದೆ. ಅಂದರೆ 7.8 ಮೆಟ್, ಗಂಟೆಗೆ 8 ಕಿ.ಮೀ. ಓಟಕ್ಕೆ ಸ್ವಲ್ಪವೇ ಕಡಿಮೆ, ಅದೂ ಕೂತಲ್ಲೇ. 34 ನಿಮಿಷಕ್ಕೆ 311 ಕ್ಯಾಲೊರಿ ಬರುತ್ತದೆ. ಪಟ್ಟಿಯ ಪ್ರಕಾರ ವಿಶ್ರಾಂತಿ ಖರ್ಚನ್ನೂ ಸೇರಿಸಿದರೆ 139. ಸೂತ್ರದ ತಪ್ಪಲ್ಲ ಇದು. ಏಕಪ್ರಕಾರವಾಗಿ ಸಾಗುವ ಕಾರ್ಡಿಯೋಗಾಗಿ ಮಾಡಿದ್ದನ್ನು ವೇಟ್ಸ್‌ಗೆ ಹಾಕಿದ್ದರಿಂದ ಆದದ್ದು.

ಆದ್ದರಿಂದ ಬಡಿತದ ಲೆಕ್ಕವನ್ನು ಐದು ನಿಮಿಷಕ್ಕಿಂತ ಉದ್ದದ, ಒಂದೇ ವೇಗದ ಓಟ, ಸೈಕಲ್, ರೋಯಿಂಗ್‌ಗೆ ಮಾತ್ರ ಬಳಸಿ. ಅಲ್ಲೂ ಬಂದ ಉತ್ತರ ನಿವ್ವಳವಲ್ಲ, ನಿಮಿಷಕ್ಕೆ ತೂಕ ÷ 60ರಷ್ಟು ಕಳೆಯಬೇಕು. ಸೆಖೆಯ ದಿನ ಇದೂ ಕೈಕೊಡುತ್ತದೆ. ಏಪ್ರಿಲ್‌ನ ರಾಯಚೂರಿನಲ್ಲಿ ಫ್ಯಾನ್ ಮಾತ್ರ ಇರುವ ಜಿಮ್‌ನಲ್ಲಿ ಅದೇ ವೇಗಕ್ಕೆ ಬಡಿತ ಹೆಚ್ಚಿರುತ್ತದೆ, ಏಕೆಂದರೆ ಮೈ ತಂಪಾಗಿಸಲು ಹೃದಯ ಚರ್ಮಕ್ಕೂ ರಕ್ತ ದೂಡಬೇಕು. ಕಾಫಿ, ನಿದ್ದೆಗೇಡು, ನೀರು ಕಡಿಮೆಯಾದದ್ದು ಸಹ ಬಡಿತ ಏರಿಸುತ್ತವೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಏರಬೇಕಾದಷ್ಟು ಏರುವುದಿಲ್ಲ. ಅವರು ಈ ದಾರಿಯನ್ನು ಪೂರ್ತಿ ಬಿಟ್ಟು ಮೆಟ್ ಲೆಕ್ಕವನ್ನೇ ಹಿಡಿಯಬೇಕು.

ಮಣಿಕಟ್ಟಿನ ಸೆನ್ಸರ್ ಬಾರ್ ಹಿಡಿದಾಗ, ಮಣಿಕಟ್ಟು ಬಗ್ಗಿದಾಗ ತಪ್ಪು ಓದುತ್ತದೆ. ಕೆಟಲ್‌ಬೆಲ್ ತೂಗಿದಾಗಂತೂ ಕೇಳಲೇಬೇಡಿ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಿ, ಇಲ್ಲವೇ ಎದೆಪಟ್ಟಿ ಹಾಕಿ.

ಯಂತ್ರಗಳಲ್ಲಿ ನಂಬಬಹುದಾದದ್ದು ವಾಟ್. ಸೈಕಲ್ ವಾಟ್ ತೋರಿಸಿದರೆ ಸರಾಸರಿ ವಾಟ್ × ನಿಮಿಷ × 60 ÷ 1000 ಮಾಡಿ. 100 ವಾಟ್, 20 ನಿಮಿಷಕ್ಕೆ 120 ಕಿಲೋಜೂಲ್. ಆ 120ನ್ನೇ ನಿವ್ವಳ ಕ್ಯಾಲೊರಿ ಎಂದು ಬರೆದುಬಿಡಿ. ಒಂದು ಕ್ಯಾಲೊರಿ 4.184 ಕಿಲೋಜೂಲ್, ಸ್ನಾಯುವಿನ ದಕ್ಷತೆ ನಾಲ್ಕನೇ ಒಂದು ಭಾಗದ ಆಸುಪಾಸು, ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಕಾನ್ಸೆಪ್ಟ್2 ರೋಯಿಂಗ್ ಯಂತ್ರ ನಿಮ್ಮ ತೂಕ ಕೇಳುವುದಿಲ್ಲ. ಸುಮಾರು 79 ಕೆ.ಜಿ.ಯವರೆಂದು ಭಾವಿಸಿ, ಗಂಟೆಗೆ 300 ಕ್ಯಾಲೊರಿಯನ್ನು ಮೊದಲೇ ಸೇರಿಸಿ ತೋರಿಸುತ್ತದೆ. ಅದರಲ್ಲೂ ಕ್ಯಾಲೊರಿ ಬಿಟ್ಟು ವಾಟ್ ಬರೆದುಕೊಳ್ಳಿ.

## ಹಂತ 6: ಏನು ಬರೆಯಬೇಕು

ಉತ್ತರ ಮಾತ್ರ ಬರೆದಿಟ್ಟರೆ ಮುಂದೆ ತಿದ್ದಲು ಬರುವುದಿಲ್ಲ. ತಿಂಗಳ ನಂತರ ‘ಮಂಗಳವಾರ, 420’ ಎಂಬ ಸಾಲು ಏನನ್ನೂ ಹೇಳುವುದಿಲ್ಲ. ಪ್ರತಿ ತುಂಡಿಗೆ ಒಂದು ಸಾಲು, ಅದರಲ್ಲಿ ಈ ಕಲಮುಗಳು: ದಿನಾಂಕ, ತುಂಡಿನ ಹೆಸರು, ಲೆಕ್ಕಕ್ಕೆ ಹಿಡಿದ ನಿಮಿಷ, ಬಿಟ್ಟ ನಿಮಿಷ, ವೇಗ, ಏರು ಅಥವಾ ವಾಟ್ (ವೇಟ್ಸ್ ಆದರೆ ಸೆಟ್‌ಗಳ ಸಂಖ್ಯೆ), ಮೆಟ್, ನಿವ್ವಳ. ಕೊನೆಗೆ ಒಂದು ಟಿಪ್ಪಣಿ: ‘ಕೈಹಿಡಿಕೆ ಹಿಡಿದೆ’, ‘ಎಸಿ ಇರಲಿಲ್ಲ’, ‘ಹೊಸ ಯಂತ್ರ’.

ದಿನದ ಒಟ್ಟನ್ನು ಹತ್ತಕ್ಕೆ ಸರಿಹೊಂದಿಸಿ. 364 ಅಲ್ಲ, 360. ಕೊನೆಯ ಅಂಕಿ ನಮಗೆ ಇಲ್ಲದ ನಿಖರತೆಯ ಭ್ರಮೆ ಹುಟ್ಟಿಸುತ್ತದೆ. ಬರೆಯುವುದು ಜಿಮ್ ಬಿಡುವ ಮೊದಲೇ ಆಗಬೇಕು. ರಾತ್ರಿ ನೆನಪಿನಿಂದ ಬರೆದಾಗ ನಿಮಿಷಗಳು ಬೆಳೆಯುತ್ತವೆ.

ವಾಚ್ ಮತ್ತು ಆಹಾರದ ಆ್ಯಪ್ ಒಂದಕ್ಕೊಂದು ಜೋಡಿಸಿದ್ದರೆ ಬಿಡಿಸಿ. ಇಲ್ಲದಿದ್ದರೆ ನೀವು ಕೈಯಾರೆ ತುಂಬಿದ್ದು ಒಂದು ಸಲ, ವಾಚ್ ಕಳಿಸಿದ್ದು ಇನ್ನೊಂದು ಸಲ, ಟ್ರೆಡ್‌ಮಿಲ್ ಮೇಲಿನ ಹೆಜ್ಜೆಗಳ ಎಣಿಕೆಯಿಂದ ಮೂರನೇ ಸಲ ಸೇರುತ್ತದೆ.

## ಲೆಕ್ಕ ಹಳಿ ತಪ್ಪಿದೆ ಎಂಬ ಸೂಚನೆಗಳು

ವಿಶ್ರಾಂತಿ ಖರ್ಚನ್ನೂ ಸೇರಿಸಿ ಕೆ.ಜಿ.ಗೆ ಗಂಟೆಗೆ 10 ಕ್ಯಾಲೊರಿ ಬಂದಿದ್ದರೆ ನಿಲ್ಲಿಸಿ ನೋಡಿ. ಅದು ಒಂದು ಗಂಟೆ ಪೂರ್ತಿ ಸುಮಾರು 10 ಕಿ.ಮೀ. ವೇಗದಲ್ಲಿ ನಿಲ್ಲದೆ ಓಡಿದ್ದಕ್ಕೆ ಸಮ. ಮೇಲಿನ ಉದಾಹರಣೆಯಲ್ಲಿ ಈ ಅಂಕಿ 5.2, ಸರಿಯಾಗಿದೆ. ಬೆರಕೆ ವ್ಯಾಯಾಮ 7 ದಾಟುವುದು ಅಪರೂಪ.

ವೇಟ್ಸ್ ತುಂಡು ಓಟದ ತುಂಡಿಗಿಂತ ನಿಮಿಷಕ್ಕೆ ಹೆಚ್ಚು ಕ್ಯಾಲೊರಿ ತೋರಿಸಿದರೆ ಮೆಟ್ ಆಯ್ಕೆ ತಪ್ಪು, ಇಲ್ಲವೇ ಬಡಿತದ ಸೂತ್ರ ನುಸುಳಿದೆ. ಪ್ರತಿ ದಿನವೂ ಒಂದೇ ಅಂಕಿ ಬರುತ್ತಿದ್ದರೆ ನೀವು ಸಮಯ ಹಿಡಿಯುವುದನ್ನು ಬಿಟ್ಟಿದ್ದೀರಿ. ಬಿಟ್ಟ ನಿಮಿಷದ ಕಲಮು ಸದಾ ಸೊನ್ನೆ ಇದ್ದರೂ ಹಾಗೆಯೇ.

ಇನ್ನೊಂದು ಸೂಚನೆ ಲೆಕ್ಕದ್ದಲ್ಲ, ದೇಹದ್ದು. ಎದೆನೋವು, ತಲೆಸುತ್ತು, ಅಸಹಜ ಏದುಸಿರು ಬಂದರೆ ಆ ತುಂಡನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ವಾರಗಟ್ಟಲೆ ಸುಸ್ತು, ಎತ್ತುವ ಭಾರ ಇಳಿಯುತ್ತಾ ಹೋಗುವುದು, ಹೆಂಗಸರಲ್ಲಿ ಮುಟ್ಟು ತಪ್ಪುವುದು ತಿನ್ನುವುದು ತೀರಾ ಕಡಿಮೆಯಾಗಿದೆ ಎಂಬುದರ ಗುರುತು. ಆಗ ಹಾಳೆಯ ಅಂಕಿ ಏನೇ ಹೇಳಲಿ, ಊಟ ಹೆಚ್ಚಿಸಬೇಕು.

## ಹಂತ 7: ನಾಲ್ಕು ವಾರಕ್ಕೊಮ್ಮೆ ತೂಕದ ಜೊತೆ ತಾಳೆ ನೋಡಿ

ಇದುವರೆಗಿನದು ಅಂದಾಜು. ಅದನ್ನು ನಿಮ್ಮ ದೇಹಕ್ಕೆ ಹೊಂದಿಸುವುದು ಈ ಹಂತ. ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ.

ಮೊದಲು ವ್ಯಾಯಾಮ ಬಿಟ್ಟು ದಿನದ ಖರ್ಚು ತೆಗೆಯಿರಿ. ಮಿಫ್ಲಿನ್–ಸೇಂಟ್ ಜಿಯೊರ್ ಸೂತ್ರ: 10 × ತೂಕ + 6.25 × ಸೆಂ.ಮೀ. ಎತ್ತರ − 5 × ವಯಸ್ಸು, ಗಂಡಸರಾದರೆ 5 ಕೂಡಿ, ಹೆಂಗಸರಾದರೆ 161 ಕಳೆಯಿರಿ. 70 ಕೆ.ಜಿ., 170 ಸೆಂ.ಮೀ., 34 ವಯಸ್ಸಿನ ಗಂಡಸಿಗೆ ಸುಮಾರು 1,600. ಕುರ್ಚಿಯ ಕೆಲಸದವರು ಇದನ್ನು 1.3ರಿಂದ ಗುಣಿಸಿ: 2,080. ಆ್ಯಪ್ ಕೇಳುವ ‘ನೀವು ಎಷ್ಟು ಚುರುಕು?’ ಎಂಬ ಪ್ರಶ್ನೆಗೆ ವ್ಯಾಯಾಮ ಸೇರಿಸಿ ಉತ್ತರಿಸಿ, ಆಮೇಲೆ ವ್ಯಾಯಾಮವನ್ನು ಪ್ರತ್ಯೇಕವಾಗಿಯೂ ತುಂಬುವುದು ಅತಿ ಸಾಮಾನ್ಯವಾದ ದೊಡ್ಡ ತಪ್ಪು. ಅಲ್ಲಿ ‘ಕೂತು ಮಾಡುವ ಕೆಲಸ’ ಎಂದೇ ಹಾಕಿ.

ವಾರಕ್ಕೆ ನಾಲ್ಕು ದಿನ 364ರಂತೆ 1,456, ದಿನಕ್ಕೆ ಹಂಚಿದರೆ 208. ಒಟ್ಟು ಅಂದಾಜು 2,288.

ಈಗ 28 ದಿನ ತಿಂದದ್ದನ್ನೆಲ್ಲ ತೂಗಿ ಬರೆಯಿರಿ. ಒಗ್ಗರಣೆಯ ಎಣ್ಣೆ, ಮುದ್ದೆಗೆ ಹಾಕಿದ ತುಪ್ಪ, ಕಾಫಿಯ ಸಕ್ಕರೆ ಸೇರಿಸಿ. ಇವೇ ಜಾರಿಹೋಗುವುದು. ಸರಾಸರಿ ದಿನಕ್ಕೆ 2,100 ಬಂತು, ಮೊದಲ ವಾರದ ಸರಾಸರಿ ತೂಕಕ್ಕೂ 28 ದಿನದ ನಂತರದ ವಾರದ ಸರಾಸರಿಗೂ 0.4 ಕೆ.ಜಿ. ಇಳಿಕೆ ಎಂದುಕೊಳ್ಳಿ. ಒಂದು ಕೆ.ಜಿ. ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. 0.4 × 7,700 ÷ 28 = 110. ಅಂದರೆ ನಿಜವಾದ ಖರ್ಚು ದಿನಕ್ಕೆ 2,210. ಅಂದಾಜಿಗಿಂತ 78 ಕಡಿಮೆ, ವಾರಕ್ಕೆ 546.

ಈ 546 ಪೂರ್ತಿ ವ್ಯಾಯಾಮದ ತಲೆಗೆ ಕಟ್ಟಿದರೆ 1,456ರ ಬದಲು 910 ಉಳಿಯುತ್ತದೆ, ಗುಣಕ 0.63. ಹಾಗೆ ಮಾಡಬೇಡಿ. ಊಟದ ಲೆಕ್ಕದಲ್ಲೂ, 1.3ರಲ್ಲೂ ತಪ್ಪಿರುತ್ತದೆ. ಅರ್ಧದಷ್ಟೇ ತಿದ್ದಿ: ಗುಣಕ ಸುಮಾರು 0.8. ಮುಂದಿನ ನಾಲ್ಕು ವಾರ ಪ್ರತಿ ನಿವ್ವಳವನ್ನೂ 0.8ರಿಂದ ಗುಣಿಸಿ ಬರೆಯಿರಿ, ಆಮೇಲೆ ಮತ್ತೆ ತಾಳೆ ನೋಡಿ. ಎರಡು ಮೂರು ಸುತ್ತಿನಲ್ಲಿ ಗುಣಕ ಒಂದು ಕಡೆ ನಿಲ್ಲುತ್ತದೆ. ಮೊದಲ ಸುತ್ತು ಮುಗಿಯುವವರೆಗೆ, ಖರ್ಚಾಯಿತೆಂದು ಬರೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮತ್ತೆ ತಿನ್ನಬೇಡಿ.

ಯಾವ ನಾಲ್ಕು ವಾರ ಎನ್ನುವುದೂ ಮುಖ್ಯ. ವೇಟ್ಸ್ ಹೊಸದಾಗಿ ಶುರುಮಾಡಿದ ಮೊದಲ ಎರಡು ಮೂರು ವಾರ ಸ್ನಾಯುಗಳು ನೀರು, ಗ್ಲೈಕೋಜನ್ (ಕೂಡಿಟ್ಟ ಸಕ್ಕರೆಯ ರೂಪ) ಹಿಡಿದಿಟ್ಟುಕೊಳ್ಳುತ್ತವೆ. ಕೊಬ್ಬು ಕರಗಿದರೂ ತೂಕ ಹಾಗೇ ಇರುತ್ತದೆ. ಕ್ರಿಯಾಟಿನ್ ಎಂಬ ಪೂರಕ ಪುಡಿ ಆರಂಭಿಸಿದಾಗಲೂ ಹೀಗೆಯೇ. ಆ ಅವಧಿಯನ್ನು ತಾಳೆಗೆ ಬಳಸಬೇಡಿ. ಮುಟ್ಟಾಗುವ ಹೆಂಗಸರು ಎರಡೂ ತುದಿಯ ವಾರಗಳು ಚಕ್ರದ ಒಂದೇ ಘಟ್ಟದಲ್ಲಿ ಬರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ನೀರಿನ ಏರಿಳಿತವೇ ಕೊಬ್ಬಿನಂತೆ ಕಾಣುತ್ತದೆ. ಮದುವೆ, ಜಾತ್ರೆ, ದೀಪಾವಳಿ ಬಂದ ತಿಂಗಳು ಊಟ ತೂಗಲು ಆಗುವುದಿಲ್ಲ. ವ್ಯಾಯಾಮವನ್ನು ಮಾತ್ರ ಬರೆದುಕೊಂಡು ಹೋಗಿ, ಹಳೆಯ ಗುಣಕವನ್ನೇ ಇಟ್ಟುಕೊಂಡು ತಾಳೆಯನ್ನು ಮುಂದಿನ ತಿಂಗಳಿಗೆ ಹಾಕಿ.

ಗುಣಕ 0.5ಕ್ಕಿಂತ ಕೆಳಗೆ ಅಥವಾ 1.3ಕ್ಕಿಂತ ಮೇಲೆ ಹೋದರೆ ವ್ಯಾಯಾಮದ ಹಾಳೆ ಬಿಟ್ಟು ಊಟದ ಹಾಳೆ ತೆಗೆಯಿರಿ. ಅಷ್ಟು ದೊಡ್ಡ ಅಂತರ ಹೆಚ್ಚಾಗಿ ಅಡುಗೆಮನೆಯಲ್ಲೇ ಸಿಗುತ್ತದೆ. ಮೊದಲು ಹುಡುಕಬೇಕಾದದ್ದು ಎಣ್ಣೆಯನ್ನು: ಒಂದು ದೊಡ್ಡ ಚಮಚಕ್ಕೇ ಸುಮಾರು 120 ಕ್ಯಾಲೊರಿ.